ತನ್ನೊಬ್ಬನ ತೂಕ ಕೇಳಿದ ಬೂಷ್ಟು

ಪ್ರಯೋಗಾಲಯದ ಗಾಜಿನ ಸೀಸೆಯೊಂದರಲ್ಲಿ ಒದ್ದೆ ಗೋಧಿ ತೌಡಿನ ಮೇಲೆ ಬೂಷ್ಟು ಬೆಳೆದಿತ್ತು. ಮೇಲೆ ಎಂದರೆ ಬರೀ ಮೇಲಲ್ಲ. ಅದರ ಎಳೆಗಳು ತೌಡಿನ ಒಳಗೂ ಹೊಕ್ಕಿದ್ದವು, ಹಾಗಾಗಿ ಎರಡನ್ನೂ ಬಿಡಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಐದನೆಯ ದಿನ ಬೂಷ್ಟು ಜಂಬದಿಂದ ತಕ್ಕಡಿ ಏರಿತು.

“ಮೊದಲ ದಿನಕ್ಕಿಂತ ನೀವಿಬ್ಬರೂ ಸೇರಿ ಕಡಿಮೆ ಇದ್ದೀರಿ,” ಎಂದಿತು ತಕ್ಕಡಿ.

“ಏನು! ಇಷ್ಟು ಹಬ್ಬಿದ್ದೇನೆ, ಕಡಿಮೆಯೇ?” ಬೂಷ್ಟು ದಂಗಾಯಿತು.

“ನೀನು ನನ್ನನ್ನು ತಿಂದೆ, ತಿಂದದ್ದರಲ್ಲಿ ಒಂದಷ್ಟು ಉಸಿರಾಗಿ ಹೊರಗೆ ಹೋಯಿತು. ಅದಕ್ಕೇ ಕಡಿಮೆ, ಮಗು,” ಎಂದಿತು ತೌಡು.

“ಸುಮ್ಮನಿರಜ್ಜಿ! ನಿನ್ನ ಜೊತೆ ಸೇರಿಸಿ ತೂಗಿದ್ದೇ ತಪ್ಪು. ನನ್ನೊಬ್ಬನ ತೂಕ ಯಾರು ಹೇಳುತ್ತೀರಿ?”

“ನಾನು ಹೇಳಬಲ್ಲೆ,” ಎಂದಿತು ಆಮ್ಲದ ಬಾಟಲಿ. “ನಿಮ್ಮ ಎಳೆಗಳ ಗೋಡೆಯಲ್ಲಿರುವ ಒಂದು ವಸ್ತು ತೌಡಿನಲ್ಲಿಲ್ಲ. ಅದನ್ನು ಅಳೆದರೆ ನಿಮ್ಮ ತೂಕ ತಿಳಿಯುತ್ತದೆ. ಆದರೆ ನೀವು ನನ್ನೊಳಗೆ ಕುದಿಯಬೇಕು.”

“ಕುದಿಯುತ್ತೇನೆ, ಅದಕ್ಕೇನು!”

“ಬೇಡ ಮಗು!” ಎಂದು ತೌಡು ಕೂಗುವಷ್ಟರಲ್ಲಿ ಬೂಷ್ಟು ಅದನ್ನೂ ಎಳೆದುಕೊಂಡು ಆಮ್ಲಕ್ಕೆ ಹಾರಿತ್ತು.

ಸಂಜೆ ಆಮ್ಲ ಕರೆಯಿತು: “ಬೂಷ್ಟಣ್ಣ, ಒಂದೂಕಾಲು ಗ್ರಾಂ! ಪೂರ್ತಿ ನಿಮ್ಮದೇ!”

ತಕ್ಕಡಿ ಬಾಟಲಿಯೊಳಗೆ ಬಗ್ಗಿ ನೋಡಿತು. ಒಳಗೆ ಕಂದು ನೀರು ಮಾತ್ರ ಇತ್ತು. ಅದರಲ್ಲಿ ತೌಡೂ ಇರಲಿಲ್ಲ, ಬೂಷ್ಟೂ ಇರಲಿಲ್ಲ.