ಎದುರು ನಿಂತ ಅಕ್ಕ

ಮರಾಳ ದೇಶದಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಅಲ್ಲಿ ಮಹಾಧ್ಯಕ್ಷನನ್ನು ಜನರು ಆರು ವರ್ಷಕ್ಕೆಂದು ಆರಿಸುತ್ತಿದ್ದರು. ಮೂರು ವರ್ಷ ಕಳೆಯುತ್ತಿದ್ದಂತೆ, ಅವನ ಅವಧಿ ಇನ್ನೂ ಅರ್ಧ ಉಳಿದಿರುವಾಗಲೇ, ಶಾಸನಸಭೆಯ ಅರ್ಧ ಸ್ಥಾನಗಳಿಗೆ ಮಧ್ಯಂತರ ಚುನಾವಣೆ ನಡೆಯುತ್ತಿತ್ತು. ಅದರಿಂದ ಮಹಾಧ್ಯಕ್ಷನ ಕುರ್ಚಿಯೇನೂ ಅಲುಗಾಡುತ್ತಿರಲಿಲ್ಲ. ಆದರೆ ಅವನ ಆಡಳಿತ ಜನರಿಗೆ ಹಿಡಿಸಿದೆಯೋ ಇಲ್ಲವೋ ಎಂಬುದು ನಡುದಾರಿಯಲ್ಲೇ ತಿಳಿದುಹೋಗುತ್ತಿತ್ತು. ಈ ಪದ್ಧತಿ ಮಾಡಿದ ಹಿರಿಯರು ಬುದ್ಧಿವಂತರು. ಆರು ವರ್ಷ ಹೇಳುವವರು ಕೇಳುವವರು ಇಲ್ಲದೆ ಬಿಟ್ಟರೆ ಎಂಥ ಒಳ್ಳೆಯ ಮನುಷ್ಯನಿಗೂ ಕಿವಿ ಮಂದವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಆಗ ಮಹಾಧ್ಯಕ್ಷನಾಗಿದ್ದವನು ಚೆಲುವರಾಯ. ಅವನು ಕೆಟ್ಟವನಲ್ಲ. ಹೊಳೆಸಾಲು ಎಂಬ ಊರಿನ ಗರಡಿಯಲ್ಲಿ ಸಾಮು ಮಾಡಿ ಬೆಳೆದ ಪೈಲ್ವಾನ. ಅಧಿಕಾರಕ್ಕೆ ಬಂದ ಮೇಲೆ ರಸ್ತೆ ಹಾಕಿಸಿದ, ಕೆರೆಗಳ ಹೂಳು ತೆಗೆಸಿದ, ದೊಡ್ಡ ಊರುಗಳಿಗೆಲ್ಲ ಆಸ್ಪತ್ರೆ ಕಟ್ಟಿಸಿದ. ಜನರಿಗೆ ಅವನೆಂದರೆ ಪ್ರೀತಿ. ಆ ಪ್ರೀತಿಯನ್ನು ಕಂಡು ಅವನ ಪಕ್ಷದವರಿಗೆ ಒಂದು ಹುಚ್ಚು ಹಿಡಿಯಿತು.

"ಈ ಸಲ ನಲವತ್ತಕ್ಕೆ ನಲವತ್ತು ಸ್ಥಾನ ಅವಿರೋಧವಾಗಿ ನಮ್ಮದಾಗಬೇಕು ಸ್ವಾಮಿ," ಎಂದ ಪಕ್ಷದ ಕಾರ್ಯದರ್ಶಿ ಶ್ರೀಕಂಠಯ್ಯ. "ಚುನಾವಣೆಯೇ ಬೇಡ. ಎದುರು ನಿಲ್ಲೋಕೆ ಒಬ್ಬನೂ ಇಲ್ಲ ಅಂದ್ರೆ ಅದಕ್ಕಿಂತ ಮರ್ಯಾದೆ ಬೇರೆ ಏನಿದೆ? ಹಿಂದಿನ ಯಾವ ಮಹಾಧ್ಯಕ್ಷರಿಗೂ ಇದು ಸಿಕ್ಕಿಲ್ಲ."

ಚೆಲುವರಾಯನಿಗೆ ಈ ಮಾತು ಬೆಲ್ಲದಂತೆ ರುಚಿಸಿತು. ಶ್ರೀಕಂಠಯ್ಯ ಊರೂರು ತಿರುಗಿದ. ಎದುರಾಳಿಗಳಲ್ಲಿ ಕೆಲವರನ್ನು ಶಾಲು ಹೊದಿಸಿ ಒಪ್ಪಿಸಿದ. ಕೆಲವರನ್ನು ಕಣ್ಣು ಕೆಂಪಗೆ ಮಾಡಿ ಒಪ್ಪಿಸಿದ. ಇನ್ನು ಕೆಲವರು, ಇಂಥ ಜನಪ್ರಿಯನ ಎದುರು ಸೋತು ನಗೆಪಾಟಲಾಗುವುದು ಯಾಕೆ ಎಂದು ತಾವಾಗಿಯೇ ತಲೆಯಾಡಿಸಿದರು. ಆ ದೇಶದಲ್ಲಿ ನಾಮಪತ್ರ ಹಾಕುವುದಕ್ಕೂ ವಾಪಸ್ ಪಡೆಯುವುದಕ್ಕೂ ಒಂದೇ ಕಡೆಯ ದಿನ. ಆ ಶುಕ್ರವಾರ ಎಲ್ಲರೂ ಒಟ್ಟಿಗೆ ಹಿಂದೆ ಸರಿಯುವುದೆಂದು ಮಾತಾಯಿತು. ಚೆಲುವರಾಯ ಕನ್ನಡಿಯ ಮುಂದೆ ನಿಂತು ಮೀಸೆ ತೀಡಿಕೊಂಡ.

ಮಂಗಳವಾರ ಸುದ್ದಿ ಬಂತು. ಅವನ ಹುಟ್ಟೂರು ಹೊಳೆಸಾಲಿನಲ್ಲಿ, ಅವನದೇ ಪಕ್ಷದ ಹಾಲಿ ಸದಸ್ಯ ನಾಗಭೂಷಣನ ಎದುರಿಗೆ ಒಬ್ಬ ಹೆಂಗಸು ನಾಮಪತ್ರ ಹಾಕಿದ್ದಾಳೆ. ಹೆಸರು ದೇವೀರಮ್ಮ. ಚೆಲುವರಾಯನ ಒಡಹುಟ್ಟಿದ ಅಕ್ಕ!

ತಾಯಿ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಬೇರೆ ಯಾರಾದರೂ ಆಗಿದ್ದರೆ ಚೆಲುವರಾಯ ಶ್ರೀಕಂಠಯ್ಯನನ್ನು ಕಳಿಸಿ ಸುಮ್ಮನಾಗುತ್ತಿದ್ದ. ಅಕ್ಕನ ಹತ್ತಿರ ತಾನೇ ಹೋಗಬೇಕಾಯಿತು. ಮಾರನೆಯ ದಿನ ಮಧ್ಯಾಹ್ನ ಕಾರು ಹಳೆಯ ಮನೆಯ ಮುಂದೆ ನಿಂತಿತು. ಅಕ್ಕ ಒಲೆಯ ಮುಂದೆ ಹುರುಳಿ ಬಸಿಯುತ್ತಿದ್ದಳು.

"ಬಂದ್ಯಾ? ಕೈಕಾಲು ತೊಳ್ಕೊಂಡು ಕೂತ್ಕೊ," ಎಂದಳು.

ಕೋಪವಿದ್ದರೂ ಹಸಿವು ಬಿಡಬೇಕಲ್ಲ. ಚೆಲುವರಾಯ ಎರಡು ಮುದ್ದೆ ಉಂಡ. ಆಮೇಲೆ ಮುಖ ಗಂಟು ಹಾಕಿಕೊಂಡು ಕೇಳಿದ.

"ಅಕ್ಕ, ನಿನ್ನನ್ನ ಎತ್ತಿಕಟ್ಟಿದೋರು ಯಾರು?"

"ನನ್ನನ್ನ ಎತ್ತಿಕಟ್ಟೋ ಗಂಡಸು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಸಾರಿಗೆ ಉಪ್ಪು ಸಾಕಾಯ್ತಾ?"

"ತಮಾಷೆ ಬೇಡ. ಒಡಹುಟ್ಟಿದೋಳೇ ಅವನನ್ನ ನಂಬಲ್ಲ ಅಂತ ದೇಶವೇ ಆಡ್ಕೊಳ್ತಾ ಇದೆ."

"ನಂಬದೆ ಏನು? ಹೋದ ಸಲ ನಿನಗೇ ಓಟು ಹಾಕಿದೀನಿ. ಮುಂದಿನ ಸಲ ನೀನು ನಿಂತ್ರೆ ಆಗಲೂ ನಿನಗೇ ಹಾಕ್ತೀನಿ. ನಾನೀಗ ನಿಂತಿರೋದು ನಾಗಭೂಷಣನ ಎದುರಿಗೆ. ಆರು ವರ್ಷದಲ್ಲಿ ಸಭೇಲಿ ಅವನು ಬಾಯಿ ತೆರೆದಿದ್ದು ಆಕಳಿಸೋಕೆ ಮಾತ್ರ."

ಚೆಲುವರಾಯನಿಗೆ ನಗು ಬಂತು. ತಡೆದುಕೊಂಡ. "ಅಂಥದ್ದು ಏನು ಹೇಳಬೇಕಾಗಿತ್ತು ಅವನು?"

ದೇವೀರಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ಬಾ, ತೋರಿಸ್ತೀನಿ."

ಇಬ್ಬರೂ ನಡೆದುಕೊಂಡೇ ಊರ ಆಚೆಯ ಆಸ್ಪತ್ರೆಗೆ ಹೋದರು. ಎರಡು ವರ್ಷದ ಹಿಂದೆ ಚೆಲುವರಾಯನೇ ಟೇಪು ಕತ್ತರಿಸಿ ತೆರೆದಿದ್ದ ಕಟ್ಟಡ ಅದು. ಗೋಡೆಯ ಕಲ್ಲಿನ ಮೇಲೆ ಅವನ ಹೆಸರು ಹೊಳೆಯುತ್ತಿತ್ತು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಮೆಟ್ಟಿಲ ತುಂಬ ಯಾರೋ ಕೆಂಪು ಮೆಣಸಿನಕಾಯಿ ಹರವಿದ್ದರು.

"ಮೆಣಸಿನಕಾಯಿ ಒಣಗಿಸೋಕೆ ಇಷ್ಟು ಚೊಕ್ಕಟವಾದ ಜಾಗ ಊರಲ್ಲಿ ಇನ್ನೆಲ್ಲೂ ಇಲ್ಲ," ಎಂದಳು ಅಕ್ಕ.

"ಡಾಕ್ಟರು ಎಲ್ಲಿ?"

"ಬಂದಿದ್ರೆ ತಾನೇ? ನೀನು ಬಂದು ಹೋದ ದಿನವೇ ಬೀಗ ಬಿತ್ತು. ಹೋದ ತಿಂಗಳು ಕುಂಬಾರರ ಸೊಸೇನ ಹೆರಿಗೆಗೆ ಅಂತ ಗಾಡಿ ಮೇಲೆ ಪಟ್ಟಣಕ್ಕೆ ಕರ್ಕೊಂಡು ಹೋದ್ರು. ದಾರೀಲೇ ಹೆತ್ತಳು. ತಾಯಿ ಮಗು ಉಳ್ಕೊಂಡಿದ್ದು ದೇವರ ದಯ."

ಚೆಲುವರಾಯನ ಮುಖ ಸಣ್ಣದಾಯಿತು. ತನ್ನ ಹೆಸರು ಕೆತ್ತಿದ ಕಲ್ಲನ್ನು ನೋಡಲು ಅವನಿಗೆ ನಾಚಿಕೆಯಾಯಿತು. "ನನಗೆ ಯಾರೂ ಹೇಳಲೇ ಇಲ್ಲವಲ್ಲ?"

"ನಾಗಭೂಷಣನಿಗೆ ಹೇಳಿದ್ವಿ. ಇಂಥದ್ದನ್ನೆಲ್ಲ ಹೇಳಿದ್ರೆ ಸಾಹೇಬರ ಮನಸ್ಸಿಗೆ ಬೇಜಾರಾಗುತ್ತೆ ಅಂದ."

"ನಾಳೆನೇ ಡಾಕ್ಟರನ್ನ ಕಳಿಸ್ತೀನಿ ಅಕ್ಕ. ನೀನು ನಾಮಪತ್ರ ವಾಪಸ್ ತಗೊ."

"ಕಳಿಸು, ಒಳ್ಳೇದೇ ಆಯ್ತು. ದೇವೀರಮ್ಮನ ತಮ್ಮ ಮಹಾಧ್ಯಕ್ಷ ಅಂತ ಹೊಳೆಸಾಲಿಗೆ ಡಾಕ್ಟರು ಬರ್ತಾರೆ. ನಿನ್ನ ಅಕ್ಕ ಇಲ್ಲದ ಊರಿಗೆ ಯಾರು ಬರ್ತಾರೆ?"

ಸಿಕ್ಕಿಬಿದ್ದಾಗ ಎಲ್ಲರೂ ಮಾಡುವಂತೆ ಚೆಲುವರಾಯನೂ ಮಾತು ಬದಲಿಸಿದ.

"ನಲವತ್ತಕ್ಕೆ ನಲವತ್ತು ಅವಿರೋಧ ಅಕ್ಕ. ಇಂಥ ಗೌರವ ಯಾರಿಗೂ ಸಿಕ್ಕಿಲ್ಲ. ನಿನ್ನ ತಮ್ಮನ ಬಗ್ಗೆ ನಿನಗೆ ಹೆಮ್ಮೆ ಅನ್ನಿಸಲ್ವಾ?"

"ಅಪ್ಪ ವಾಪಸ್ ಕಳಿಸಿದ ಬೆಳ್ಳಿ ಗದೆ ನೆನಪಿದೆಯಾ?" ಎಂದಳು ಅಕ್ಕ.

ನೆನಪಿಲ್ಲದೆ ಏನು! ಊರಿನ ಗರಡಿಗೆ ಅವರಪ್ಪನೇ ಉಸ್ತಾದ. ಚೆಲುವರಾಯ ಹದಿಹರೆಯದಲ್ಲಿದ್ದಾಗ ಒಂದು ವರ್ಷ ಪಟ್ಟಣದ ದೊಡ್ಡ ಕುಸ್ತಿಗೆ ಹೋಗಿದ್ದ. ಅಖಾಡದ ಸುತ್ತ ಕೈಯೆತ್ತಿ ಮೂರು ಸುತ್ತು ಬಂದ. ಅವನ ಮೈಕಟ್ಟು ಕಂಡು ಹೆದರಿ ಒಬ್ಬ ಪೈಲ್ವಾನನೂ ಎದುರಿಗೆ ಇಳಿಯಲಿಲ್ಲ. ಕುಸ್ತಿ ನಡೆಸಿದವರು ಬೆಳ್ಳಿ ಗದೆಯನ್ನು ಅವನ ಹೆಗಲಿಗೇರಿಸಿ ಕಳಿಸಿದರು. ಅವನು ಕುಣಿಯುತ್ತ ಊರಿಗೆ ಬಂದ. ಅಪ್ಪ ಗದೆಯನ್ನು ನೋಡಲಿಲ್ಲ. ಮಗನ ಬೆನ್ನು, ಭುಜ, ಮೊಣಕಾಲು ನೋಡಿದ. "ಮೈಗೆ ಒಂದು ಹಿಡಿ ಮಣ್ಣೂ ಹತ್ತಿಲ್ಲ. ಯಾರನ್ನ ಕೆಡವಿದೆ ಅಂತ ಇದನ್ನ ಗರಡಿ ಗೋಡೆಗೆ ತೂಗುಹಾಕಲಿ?" ಎಂದು ಕೇಳಿ, ಮಾರನೆಯ ದಿನವೇ ಗದೆಯನ್ನು ಕೊಟ್ಟವರಿಗೆ ಹಿಂದಿರುಗಿಸಿದ. ಚೆಲುವರಾಯ ಎಷ್ಟೋ ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದ. ಮುಂದಿನ ವರ್ಷ ಅದೇ ಅಖಾಡದಲ್ಲಿ ಒಬ್ಬ ಭಾರಿ ಆಳು ಎದುರಾದ. ಚೆಲುವರಾಯನ ಒಂದು ಹಲ್ಲು ಹೋಯಿತು, ಕಿವಿ ಊದಿಕೊಂಡಿತು, ಕೊನೆಗೆ ಹೇಗೋ ಗೆದ್ದ. ಅಂದು ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿದ್ದ.

"ನನಗೆ ಹೆಮ್ಮೆ ಬೇಕು ಅಂತಲೇ ನಿಂತಿದೀನಿ ಕಣೋ," ಎಂದಳು ದೇವೀರಮ್ಮ. ಇಷ್ಟು ಹೇಳಿ ಮನೆಯ ಕಡೆ ತಿರುಗಿದಳು.

ರಾಜಧಾನಿಯಲ್ಲಿ ಶ್ರೀಕಂಠಯ್ಯ ಬಾಗಿಲಲ್ಲೇ ಕಾಯುತ್ತಿದ್ದ. ಅಕ್ಕ ಒಪ್ಪಲಿಲ್ಲ ಎಂದು ಕೇಳಿ ಅವನಿಗೆ ಸ್ವಲ್ಪವೂ ಗಾಬರಿಯಾಗಲಿಲ್ಲ. ಅವನ ತಲೆಯಲ್ಲಿ ಇಂಥವಕ್ಕೆಲ್ಲ ಮದ್ದು ಇದ್ದೇ ಇರುತ್ತಿತ್ತು.

"ಅವಿರೋಧ ಹೋದರೆ ಹೋಯ್ತು ಸ್ವಾಮಿ, ಗೆಲುವಾದರೂ ನಮಗೇ ಇರಲಿ. ಹೊಳೆಸಾಲಿನಲ್ಲಿ ದೇವೀರಮ್ಮ ಅನ್ನೋ ಹೆಸರಿನೋರು ಇನ್ನೂ ಮೂವರು ಇದ್ದಾರೆ. ಅವರನ್ನೂ ನಿಲ್ಲಿಸಿಬಿಡೋಣ. ಯಾವ ದೇವೀರಮ್ಮನಿಗೆ ಹಾಕಬೇಕು ಅಂತ ಜನರಿಗೆ ಗೊತ್ತಾಗಬಾರದು. ಓಟು ಚೂರುಚೂರಾಗುತ್ತೆ."

ಮೊದಲಿನ ಚೆಲುವರಾಯನಾಗಿದ್ದರೆ ಬೇರೆ ಕಡೆ ನೋಡುತ್ತ 'ಏನಾದರೂ ಮಾಡಿಕೊಳ್ಳಿ' ಎನ್ನುತ್ತಿದ್ದನೋ ಏನೋ. ಈಗಲೂ ಅವನ ಎದೆಯಲ್ಲಿ ಭಯ ಇರಲಿಲ್ಲ ಎಂದಲ್ಲ. ಹೊಳೆಸಾಲಿನಲ್ಲಿ ಎದುರಾಳಿಗೆ ದಾರಿ ಬಿಟ್ಟರೆ, ಹಿಂದೆ ಸರಿಯಲು ಒಪ್ಪಿದ್ದ ಉಳಿದವರಿಗೂ ಬಿಡಬೇಕು, ನಲವತ್ತು ಕಡೆಯೂ ಬಿಟ್ಟಂತೆ. ಎಷ್ಟು ಸ್ಥಾನ ಹೋಗುತ್ತದೋ, ಎಷ್ಟು ಜನ ಕೈತಟ್ಟಿ ನಗುತ್ತಾರೋ. ಮೂರು ವರ್ಷ ಹೊಗಳಿಕೆ ಕೇಳಿ ಅಭ್ಯಾಸವಾದ ಮನುಷ್ಯನಿಗೆ ಇದು ಸಣ್ಣ ಮಾತಲ್ಲ.

"ಬೇಡ ಶ್ರೀಕಂಠಯ್ಯನವರೇ," ಎಂದ ಕೊನೆಗೆ. "ಆ ಮೂವರನ್ನ ಅವರ ಪಾಡಿಗೆ ಬಿಡಿ. ನಾಳೆ ನಾನು ರೇಡಿಯೋದಲ್ಲಿ ಮಾತಾಡಬೇಕು. ಏರ್ಪಾಡು ಮಾಡಿ."

ಗುರುವಾರ ಬೆಳಿಗ್ಗೆ ದೇಶವೆಲ್ಲ ಅವನ ದನಿ ಕೇಳಿತು. "ನನ್ನ ಮೇಲಿನ ಪ್ರೀತಿಗೋ ಭಯಕ್ಕೋ ಯಾರೂ ನಾಮಪತ್ರ ವಾಪಸ್ ತಗೋಬೇಡಿ. ನಮ್ಮ ಪಕ್ಷದವರು ಯಾರಾದರೂ ನಿಮ್ಮನ್ನ ಹೆದರಿಸಿದ್ದರೆ ಅದಕ್ಕೆ ನಾನು ಕ್ಷಮೆ ಕೇಳ್ತೀನಿ. ಎದುರು ನಿಲ್ಲಿ. ನಮ್ಮ ತಪ್ಪು ಹೇಳಿ. ಗೆದ್ದರೆ ಸಭೆಗೆ ಬನ್ನಿ." ಮಾತು ಇಷ್ಟೇ. ಶ್ರೀಕಂಠಯ್ಯ ತಲೆಯ ಮೇಲೆ ಕೈಹೊತ್ತು ಕೂತ.

ಶುಕ್ರವಾರ ಹಿಂದೆ ಸರಿದವರು ಒಬ್ಬಿಬ್ಬರು ಮಾತ್ರ. ಆಮೇಲೆ ಶುರುವಾಯಿತು ನೋಡಿ ನಿಜವಾದ ಚುನಾವಣೆ. ಬಾವಿಕಟ್ಟೆಗಳಲ್ಲಿ, ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ ಅದೇ ಮಾತು. ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದ ಊರುಗಳೆಲ್ಲ ಬಾಯಿ ಬಿಟ್ಟವು. ಚೆಲುವರಾಯ ಹೇಳಿದ ಮಾತಿನಂತೆ ಹೊಳೆಸಾಲಿಗೆ ಡಾಕ್ಟರನ್ನು ಕಳಿಸಿದ. ಪಕ್ಷದ ಧರ್ಮವೆಂದು ತಾನೇ ಹೋಗಿ ನಾಗಭೂಷಣನ ಪರವಾಗಿ ಭಾಷಣವನ್ನೂ ಮಾಡಿದ. ಅಕ್ಕನ ಮನೆಯಲ್ಲಿ ಉಂಡು, ಅಕ್ಕನ ಎದುರಾಳಿಗೆ ಓಟು ಕೇಳಿದ ಮಹಾಧ್ಯಕ್ಷನನ್ನು ಕಂಡು ಊರವರು ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವೀರಮ್ಮನೂ ಮುಂದಿನ ಸಾಲಿನಲ್ಲೇ ಕೂತು ಭಾಷಣ ಕೇಳಿದಳು.

ಫಲಿತಾಂಶ ಬಂತು. ನಲವತ್ತರಲ್ಲಿ ಹದಿನೇಳು ಸ್ಥಾನ ಚೆಲುವರಾಯನ ಪಕ್ಷದ ಕೈಬಿಟ್ಟವು. ಹೊಳೆಸಾಲೂ ಅದರಲ್ಲಿ ಒಂದು. ದೇವೀರಮ್ಮ ನಾಗಭೂಷಣನನ್ನು ಚೆನ್ನಾಗಿಯೇ ಸೋಲಿಸಿದ್ದಳು. ಚೆಲುವರಾಯನಿಗೆ ಬೇಸರವಾಗಲಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಆ ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ.

ಹೊಸ ಶಾಸನಸಭೆ ಸೇರಿದ ಮೊದಲ ದಿನ. ಅತಿಥಿಗಳ ಸಾಲಿನಲ್ಲಿ ನೆರೆದೇಶದ ರಾಯಭಾರಿಯೂ ಕೂತಿದ್ದ. ಮೊದಲ ಪ್ರಶ್ನೆ ಕೇಳಲು ದೇವೀರಮ್ಮ ಎದ್ದಳು. ಹುಟ್ಟಿದಾಗಿನಿಂದ ತಮ್ಮನನ್ನು 'ಲೋ' ಎಂದೇ ಕರೆದವಳು ಅಂದು ಸಭೆಯ ಮರ್ಯಾದೆಗೆ ತಕ್ಕಂತೆ ಮಾತಾಡಿದಳು.

"ಮಹಾಧ್ಯಕ್ಷರೇ, ಹೊಳೆಸಾಲಿಗೆ ಡಾಕ್ಟರು ಬಂದಿದ್ದಾರೆ, ಸಂತೋಷ. ನೀವು ಕಟ್ಟಿಸಿದ ಆಸ್ಪತ್ರೆಗಳಲ್ಲಿ ಇನ್ನೂ ಬೀಗ ಬಿದ್ದಿರೋದು ಎಷ್ಟು? ಅವನ್ನ ಯಾವತ್ತು ತೆಗೆಸ್ತೀರಿ?"

ಚೆಲುವರಾಯನ ಪಕ್ಷದ ನಾಲ್ಕು ಜನ ಗದ್ದಲ ಎಬ್ಬಿಸಲು ಎದ್ದರು. ಅವನು ಕೈಸನ್ನೆ ಮಾಡಿ ಅವರನ್ನು ಕೂರಿಸಿದ. ತಾನು ಎದ್ದು ನಿಂತ.

"ಎಷ್ಟು ಅಂತ ನನಗೆ ಗೊತ್ತಿಲ್ಲ. ಗೊತ್ತಿರಬೇಕಾಗಿತ್ತು, ತಪ್ಪು ನನ್ನದು. ಎಂಟು ದಿನದಲ್ಲಿ ತಿಳಿದುಕೊಂಡು ಇದೇ ಸಭೆಯಲ್ಲಿ ಹೇಳ್ತೀನಿ."

"ಎಂಟು ದಿನ ಆದ ಮೇಲೆ ಮತ್ತೆ ಕೇಳ್ತೀನಿ," ಎಂದು ದೇವೀರಮ್ಮ ಕೂತಳು.

ಸಭೆ ಮುಗಿದು ಹೊರಗೆ ಬರುವಾಗ ರಾಯಭಾರಿ ಚೆಲುವರಾಯನ ಪಕ್ಕದಲ್ಲಿ ನಡೆಯುತ್ತ ತಗ್ಗಿದ ದನಿಯಲ್ಲಿ ಹೇಳಿದ, "ನಮ್ಮ ದೇಶದಲ್ಲಿ ಪ್ರತಿ ಸಲವೂ ಎಲ್ಲ ಸ್ಥಾನಗಳು ನಮ್ಮ ದೊರೆಗಳಿಗೇ ಬರುತ್ತವೆ. ಅವರನ್ನು ಹೀಗೆ ಕೇಳುವ ಧೈರ್ಯ ಯಾರಿಗೂ ಇಲ್ಲ. ಇಷ್ಟು ಜನರ ಮುಂದೆ ನಿಮ್ಮಿಂದ ತಪ್ಪು ಒಪ್ಪಿಸಿದರಲ್ಲ, ಆ ಹೆಂಗಸು ಯಾರು?"

ಚೆಲುವರಾಯ ನಿಂತ. ಹಿಂದಿರುಗಿ ನೋಡಿದ. ದೇವೀರಮ್ಮ ಹೊಸ ಸದಸ್ಯರ ನಡುವೆ ಮೆಟ್ಟಿಲಿಳಿದು ಬರುತ್ತಿದ್ದಳು. ಅವನ ಎದೆ ಉಬ್ಬಿತು.

"ನಮ್ಮಕ್ಕ," ಎಂದ. "ನಮ್ಮೂರಿನ ಜನ ನನ್ನ ಅಭ್ಯರ್ಥಿಯನ್ನ ಸೋಲಿಸಿ ಆಕೆಯನ್ನ ಆರಿಸಿ ಕಳಿಸಿದ್ದಾರೆ. ಅಂಥ ಊರು ನನ್ನದು."

ನೀತಿ: ಎದುರಾಳಿಯೇ ಇಲ್ಲದ ಗೆಲುವಿನಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇಲ್ಲ. ನಮ್ಮ ತಪ್ಪನ್ನು ಎದುರು ನಿಂತು ಹೇಳುವವರು ನಮ್ಮ ಶತ್ರುಗಳಲ್ಲ. ಹಾಗೆ ಕೇಳುವ ಜನರಿರುವುದು ನಾಡಿಗೆ ಹೆಮ್ಮೆ, ಅವರಿಗೆ ಎದ್ದು ನಿಂತು ಉತ್ತರ ಕೊಡುವುದು ನಾಯಕನಿಗೆ ಹೆಮ್ಮೆ.