ಅಂಗಾತ ಬೀಳುವ ಕಸರತ್ತು

ಕಲ್ಯಾಣಿಯೊಂದರಲ್ಲಿ ಪ್ರಾಯದ ಆಮೆಯೊಂದು ದಿನವೂ ಬೆನ್ನ ಮೇಲೆ ಕಲ್ಲು ಹೊತ್ತು ದಡ ಸುತ್ತಿ, ಕಾಲುಗಳನ್ನು ಕಂಬದ ಹಾಗೆ ಬೆಳೆಸಿಕೊಂಡಿತ್ತು. ಅಲ್ಲೇ ಇದ್ದ ಮುದಿ ಆಮೆಯ ಕಸರತ್ತು ಬೇರೆ. ಬೆಳಿಗ್ಗೆ ಎದ್ದು ಅದು ತಾನಾಗಿಯೇ ಅಂಗಾತ ಬೀಳುತ್ತಿತ್ತು. ಆಮೇಲೆ ಕತ್ತನ್ನು ನೆಲಕ್ಕೆ ಊರಿ, ಮೈ ಓರೆಮಾಡಿ ಮಗುಚಿಕೊಳ್ಳುತ್ತಿತ್ತು.

"ಅಜ್ಜಿ, ಇದರಿಂದ ಯಾವ ಕಾಲು ಗಟ್ಟಿಯಾಗುತ್ತದೆ?" ಎಂದಿತು ಪ್ರಾಯದ ಆಮೆ.

"ಯಾವುದೂ ಇಲ್ಲ ಮಗಾ. ಬಿದ್ದರೆ ಏಳುವುದಕ್ಕಾಗುತ್ತದೆ."

"ಬೀಳುವವರಿಗೆ ಅದು ಸರಿ" ಎಂದು ಪ್ರಾಯದ ಆಮೆ ಕಲ್ಲು ಹೊತ್ತು ಮೆಟ್ಟಿಲು ಹತ್ತಿತು. ಪಾಚಿಯ ಮೇಲೆ ಕಾಲು ಜಾರಿತು. ಕಲ್ಲು ನೀರಿಗೆ ಬಿತ್ತು, ಆಮೆ ಮೆಟ್ಟಿಲ ಮೇಲೆ ಅಂಗಾತ ಬಿತ್ತು. ಕಂಬದಂಥ ನಾಲ್ಕು ಕಾಲುಗಳೂ ಗಾಳಿಯಲ್ಲಿ ಬಡಿದವು. ಒದೆಯಲು ಅಲ್ಲಿ ಏನೂ ಇರಲಿಲ್ಲ. ಬಿಸಿಲು ಏರಿತು.

ಕಾಗೆಯೊಂದು ಬಂದು ಪಕ್ಕದಲ್ಲಿ ಕೂತಿತು. "ಕಾಲು ಬಹಳ ಚೆನ್ನಾಗಿ ಬೆಳೆಸಿದ್ದೀರಿ," ಎಂದಿತು. "ಅವಸರವೇನಿಲ್ಲ, ನೀವು ದಣಿಯುವ ತನಕ ಕಾಯುತ್ತೇನೆ."

ಪ್ರಾಯದ ಆಮೆ ನಾಚಿಕೆ ಬಿಟ್ಟು ಅಜ್ಜಿಯನ್ನು ಕೂಗಿತು. ಅಜ್ಜಿ ಸಾವಕಾಶವಾಗಿ ಬಂದು, "ಮೊದಲು ಕತ್ತು ಊರು" ಎಂದಿತು. ಅದು ಊರಿತು, ಅಜ್ಜಿ ತಲೆಯಿಂದ ನೂಕಿ ಮಗುಚಿತು.

ಮರುದಿನ ಬೆಳಿಗ್ಗೆ ಕಾಗೆ ಬಂದಾಗ ದಡದಲ್ಲಿ ಎರಡು ಆಮೆಗಳು ಅಂಗಾತ ಬಿದ್ದಿದ್ದವು. ಕಾಗೆ ಸಂತೋಷದಿಂದ ಕೊಕ್ಕು ಉಜ್ಜಿಕೊಂಡು ಕೂತಿತು. ಎರಡೂ ಮಗುಚಿಕೊಂಡವು, ಮತ್ತೆ ಬಿದ್ದವು, ಮತ್ತೆ ಮಗುಚಿಕೊಂಡವು.

"ಹಾಳು ಚಾಳಿ ಹರಡುತ್ತಿದೆ" ಎಂದುಕೊಂಡು ಕಾಗೆ ಬೇರೆ ಕಲ್ಯಾಣಿ ಹುಡುಕಿಕೊಂಡು ಹೋಯಿತು.