ಲೇನಿನ ಮೇಲೆ ರಂಗೋಲಿ ಚುಕ್ಕಿ

ಹುಬ್ಬಳ್ಳಿಯ ಒಂದು ಕ್ಲಬ್ಬಿನಲ್ಲಿ ಚೆಂಡು ಉರುಳಿಸಿ ಪಿನ್ನು ಕೆಡವುವ ಬೌಲಿಂಗ್ ಆಟದ ಮರದ ಲೇನು ಇತ್ತು. ಅದರ ಹಲಗೆಗಳು ಎಡಕ್ಕೆ ವಾಲಿದ್ದವು. ನೇರಕ್ಕೆ ಉರುಳಿಸಿದ ಚೆಂಡು ತುದಿಯಲ್ಲಿ ನಿಲ್ಲಿಸಿದ ಪಿನ್ನು ಮುಟ್ಟದೆ ಲೇನಿನ ಪಕ್ಕದ ಗಟಾರಕ್ಕೆ ಬೀಳುತ್ತಿತ್ತು.

ಕ್ಲಬ್ಬಿನ ಕ್ಲಾರ್ಕ್ ನೀಲವ್ವನಿಗೆ ಆ ಆಟದ ಹುಚ್ಚು. "ಬಡಗಿನ್ನ ಕರಸ್ರಿ ಸಾಹೇಬ್ರ" ಎಂದು ಸೆಕ್ರೆಟರಿ ಮಮದಾಪುರ ಸಾಹೇಬರಿಗೆ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

"ಲೇನಿಗೇನಾಗೇತಿ? ಕೈ ಸರಿ ಇದ್ರ ಎಲ್ಲಾ ಸರಿ," ಎಂದು ಸಾಹೇಬರು ಗುಡುಗಿದರು. "ಭಾನುವಾರ ಎಲ್ಲಾರ ಮುಂದ ನನ್ನ ಜೋಡಿ ಆಡು. ಸೋತ್ರ ಮತ್ತ ಚೆಂಡು ಮುಟ್ಟಬ್ಯಾಡ!"

ನೀಲವ್ವ ದಿನಾ ಬೆಳಿಗ್ಗೆ ಬೇಗ ಬಂದಳು. ಲೇನಿನ ಮೇಲೆ ಒಂದು ರಂಗೋಲಿ ಚುಕ್ಕಿ ಇಟ್ಟಳು. ಪಿನ್ನಿನ ಕಡೆ ನೋಡಲೇ ಇಲ್ಲ. ಚೆಂಡು ಚುಕ್ಕಿಯ ಮೇಲೆ ಹಾಯಬೇಕು, ಅಷ್ಟೆ. ಹಾಯ್ದೂ ಗಟಾರಕ್ಕೆ ಬಿದ್ದರೆ ಚುಕ್ಕಿ ಅಳಿಸಿ ಇನ್ನಷ್ಟು ಬಲಕ್ಕೆ ಇಟ್ಟಳು.

ಭಾನುವಾರ ಕ್ಲಬ್ಬು ತುಂಬಿ ತುಳುಕಿತು. ಬಲ ಅಂಚಿನ ಚುಕ್ಕಿ ಕಂಡು ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏ ತಂಗಿ, ಪಿನ್ನು ನಡುವ ಅದಾವ!"

ನಡುವಿಗೇ ಗುರಿಯಿಟ್ಟು ಉರುಳಿಸಿದರು. ಗಟಾರ! ಮತ್ತೆ ಉರುಳಿಸಿದರು. ಮತ್ತೂ ಗಟಾರ!

ನೀಲವ್ವ ಚುಕ್ಕಿಯ ಮೇಲೆ ಬಿಟ್ಟಳು. ಚೆಂಡು ಅಂಚು ಹಿಡಿದು ಓಡಿತು, ಮೆಲ್ಲಗೆ ಎಡಕ್ಕೆ ಹೊರಳಿತು, ಸೀದಾ ನಡುವಿಗೆ ಬಂತು. ಧಡಾರ್! ಅಷ್ಟೂ ಪಿನ್ನು ನೆಲಕ್ಕೆ! ಮಂದಿ ಸಿಳ್ಳೆ ಹೊಡೆದರು.

ಸಾಹೇಬರ ಮುಖ ಕೆಂಪಾಯಿತು. "ಇದೆಂಥಾ ಆಟ! ಲೇನ ಸೊಟ್ಟ ಐತಿ!" ಎಂದು ಎಲ್ಲರೆದುರು ಕೂಗಿಬಿಟ್ಟರು.

"ಬಡಗಿ ಹೊರಗ ಕುಂತಾನ್ರಿ," ಅಂದಳು ನೀಲವ್ವ. "ಈ ಮಾತು ನಿಮ್ಮ ಬಾಯಿಂದ ಬರ್ಲಿ ಅಂತ ಕಾಯಾಕತ್ತಾನ. ಒಳಗ ಕರೀಲೇನ್ರಿ?"